ಹತ್ತುವುದು ಕಾಲಲ್ಲಿ, ಇಳಿಯುವುದು ಬಸ್ಸಲ್ಲಿ

ಕುಮಾರಪರ್ವತ ಹತ್ತಿ ಬಂದವರ ಮುಂದೆ ‘ಬೆಳಗ್ಗೆ ಬೆಟ್ಟಕ್ಕೆ ಹೋಗಿದ್ದೆ’ ಅಂದರೆ, ‘ಯಾವ ಬೆಟ್ಟ?’ ಅಂತ ಕೇಳುತ್ತಾರೆ. ಮೈಸೂರಿನಲ್ಲಿ ಯಾರೂ ಹಾಗೆ ಕೇಳುವುದಿಲ್ಲ. ಇಲ್ಲಿ ಬೆಟ್ಟ ಅಂದರೆ ಒಂದೇ, ಚಾಮುಂಡಿ ಬೆಟ್ಟ. ಸಮುದ್ರಮಟ್ಟದ ಲೆಕ್ಕದಲ್ಲಿ ಅದು ಸಾವಿರ ಮೀಟರ್ ದಾಟುತ್ತದೆ ನಿಜ, ಆದರೆ ಅದರಲ್ಲಿ ಮುಕ್ಕಾಲು ಪಾಲು ಎತ್ತರವನ್ನು ಊರೇ ಪುಕ್ಕಟೆಯಾಗಿ ಹತ್ತಿಸಿಕೊಟ್ಟಿರುತ್ತದೆ. ನಮ್ಮ ಕಾಲಿಗೆ ಉಳಿಯುವುದು ಹೆಚ್ಚೆಂದರೆ 300 ಮೀಟರ್. ಇಷ್ಟಕ್ಕೆ ಚಾರಣ ಅನ್ನುವ ದೊಡ್ಡ ಹೆಸರು ಯಾಕೆ ಎಂದು ಪರ್ವತಾರೋಹಿ ಗೆಳೆಯರು ನಗುತ್ತಾರೆ. ನಗಲಿ. ಅವರಿಗೆ ಬೆಟ್ಟ ಹತ್ತಲು ಎರಡು ದಿನ ರಜೆ ಬೇಕು, ನನಗೆ ಬೆಳಗಿನ ಕಾಫಿ ಸಾಕು.

ಆಟೋದವರಿಗೆ ‘ಬೆಟ್ಟದ ಪಾದ’ ಅಂದರೆ ಸಾಕು, ಮೆಟ್ಟಿಲ ಬುಡಕ್ಕೇ ತಂದು ಬಿಡುತ್ತಾರೆ. ಅಲ್ಲಿ ಸೇರುವ ಜನರನ್ನು ನೋಡಬೇಕು. ಹೊಸ ಬೂಟಿನ ಕಾಲೇಜು ಹುಡುಗರು, ಮಂಕಿ ಟೋಪಿ ಹಾಕಿದ ನಿವೃತ್ತರು, ರೇಷ್ಮೆ ಸೀರೆ ಉಟ್ಟು ಬರಿಗಾಲಲ್ಲಿ ನಿಂತ ಹೆಂಗಸರು, ಹವಾಯಿ ಚಪ್ಪಲಿಯಲ್ಲೇ ಬಂದು ಎಲ್ಲರಿಗಿಂತ ಮೊದಲು ಮೇಲೆ ಸೇರುವ ಒಬ್ಬಿಬ್ಬರು. ಈ ಹವಾಯಿ ಚಪ್ಪಲಿಯವರನ್ನು ಕಂಡ ಮೇಲೆ ಬೂಟಿನ ಜಾಹೀರಾತುಗಳ ಮೇಲೆ ನನಗೆ ನಂಬಿಕೆ ಹೊರಟುಹೋಗಿದೆ.

ಮೆಟ್ಟಿಲು ಕಟ್ಟಿಸಿದ್ದು ದೊಡ್ಡ ದೇವರಾಜ ಒಡೆಯರು, 17ನೇ ಶತಮಾನದಲ್ಲಿ. ಸಾವಿರ ಅಂತ ಪ್ರತೀತಿ. ಭಕ್ತಿ ಜಾಸ್ತಿ ಇದ್ದವರು 1008 ಅನ್ನುತ್ತಾರೆ. ಎಣಿಸುತ್ತಾ ಹತ್ತುವವರೇನೋ ಬೇಕಾದಷ್ಟು ಜನ, ಆದರೆ ಇಬ್ಬರ ಲೆಕ್ಕ ತಾಳೆಯಾದದ್ದನ್ನು ನಾನು ಕೇಳಿಲ್ಲ. ಮುನ್ನೂರರ ಹತ್ತಿರ ಉಸಿರು ಕಟ್ಟುತ್ತದೆ, ಎದುರಿಗೆ ಪರಿಚಯದವರು ಸಿಗುತ್ತಾರೆ, ‘ಏನ್ ಸಾರ್, ಮಗಳ ಮದ್ವೆ ಯಾವಾಗ?’ ಅನ್ನುತ್ತಾರೆ, ಅಲ್ಲಿಗೆ ಲೆಕ್ಕ ಮುಗಿಯಿತು. ನಾನಂತೂ ಎಣಿಸುವುದಿಲ್ಲ. ದೇವರಾಜ ಒಡೆಯರ ಕಾಲದ ಗುತ್ತಿಗೆದಾರನ ಬಿಲ್ಲು ಪರಿಶೀಲಿಸುವ ಕೆಲಸ ನನಗೆ ಯಾರೂ ವಹಿಸಿಲ್ಲ.

ಕೆಳಗಿನ ಭಾಗವೇ ಕಡಿದು. ಹೊಸಬರು ಅಲ್ಲೇ ಸೋಲುತ್ತಾರೆ. ಸೊಂಟಕ್ಕೆ ಕೈ ಕೊಟ್ಟು ನಿಂತು, ಇಳಿದು ಬರುವವರನ್ನು ಕೇಳುತ್ತಾರೆ: ‘ಇನ್ನೂ ಎಷ್ಟಿದೆ ಸಾರ್?’ ಇಳಿಯುವವರದು ಒಂದೇ ಉತ್ತರ: ‘ಇನ್ನೇನ್, ಬಂದೇ ಬಿಡ್ತು.’ ಅರ್ಧ ದಾರಿಯೂ ಆಗಿರುವುದಿಲ್ಲ. ದೇವಿಯ ದರ್ಶನ ಮಾಡಿ, ಹಣೆಯ ತುಂಬ ಕುಂಕುಮ ಇಟ್ಟುಕೊಂಡು ಬಂದವರು ಹಸಿ ಹಸಿ ಸುಳ್ಳು ಹೇಳುತ್ತಾರೆ, ಕೇಳಿದವರು ಅದನ್ನು ನಂಬಿ ಮತ್ತೆ ಐವತ್ತು ಮೆಟ್ಟಿಲು ಹತ್ತುತ್ತಾರೆ. ನಿಜ ಹೇಳುವವನು ಒಬ್ಬ ಸಿಕ್ಕಿದ್ದ. ‘ಇನ್ನೂ ಅರ್ಧಕ್ಕಿಂತ ಜಾಸ್ತಿ ಐತೆ ಕಣಕ್ಕ’ ಅಂದ. ಆ ಹೆಂಗಸು ಅಲ್ಲೇ ಕೂತು, ಕುಟುಂಬದವರನ್ನೆಲ್ಲ ಕೂರಿಸಿ, ಚಿತ್ರಾನ್ನದ ಡಬ್ಬಿ ತೆಗೆದರು. ಕೋತಿಗಳಿಗೆ ಅದು ಗೊತ್ತಾಗಲು ಅರ್ಧ ನಿಮಿಷ ಹಿಡಿಯಲಿಲ್ಲ.

ಮೆಟ್ಟಿಲು ಪೂಜೆ ಮಾಡುವವರ ಹಿಂದೆ ಸಿಕ್ಕಿಕೊಂಡರೆ ಅದೇ ಒಂದು ಅದೃಷ್ಟ, ಯಾಕೆಂದರೆ ನಿಧಾನವಾಗಿ ಹತ್ತುವುದಕ್ಕೆ ಗೌರವಸ್ಥ ಕಾರಣ ಸಿಗುತ್ತದೆ. ಒಂದು ಕೈಯಲ್ಲಿ ಅರಿಶಿನ ಕಲಸಿದ ಸ್ಟೀಲ್ ಬಟ್ಟಲು, ಇನ್ನೊಂದು ಕೈಯ ಬೆರಳಿಗೆ ಕುಂಕುಮ. ಬಾಗಿ ಮೂರು ಬೊಟ್ಟು ಇಡುವುದು, ಒಂದು ಮೆಟ್ಟಿಲು ಹತ್ತುವುದು, ಮತ್ತೆ ಬಾಗುವುದು. ಹಿಂದಿನವರು ಇಟ್ಟ ಬೊಟ್ಟು ಇನ್ನೂ ಒದ್ದೆಯಾಗಿದ್ದರೆ ಅದರ ಪಕ್ಕದಲ್ಲಿ ತಮ್ಮದನ್ನು ಇಡುತ್ತಾರೆ, ಅಳಿಸುವುದಿಲ್ಲ. ಆಷಾಢ ಶುಕ್ರವಾರದ ಮಧ್ಯಾಹ್ನದ ಹೊತ್ತಿಗೆ ಕಲ್ಲಿನ ಅಂಚೆಲ್ಲ ಹಳದಿ ಕೆಂಪು ಕೆಸರಾಗಿ ಕಾಲು ಜಾರುತ್ತದೆ. ಸಾವಿರ ಸಲ ಬಾಗಿ ಏಳುವ ಈ ವ್ಯಾಯಾಮವನ್ನು ಯಾವುದಾದರೂ ಜಿಮ್‌ನವನು ಹೇಳಿಕೊಟ್ಟಿದ್ದರೆ ಫೀಸು ವಾಪಸು ಕೇಳುತ್ತಿದ್ದೆವು.

ಮುಕ್ಕಾಲು ದಾರಿ ಮುಗಿಯುವ ಆಸುಪಾಸಿನಲ್ಲಿ ನಂದಿ ಸಿಗುತ್ತಾನೆ. ಇವನೂ ದೇವರಾಜ ಒಡೆಯರ ಕಾಲದವನೇ. ಒಂದೇ ಬಂಡೆಯಲ್ಲಿ ಕಡೆದ ಮೈ, ಸುಮಾರು 16 ಅಡಿ ಎತ್ತರ. ಎಲ್ಲರೂ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ನಾನು ಸುತ್ತು ಹಾಕಿ ಪಕ್ಕಕ್ಕೆ ನಿಲ್ಲುತ್ತೇನೆ. ಕೊರಳಿಗೆ ಸಾಲುಸಾಲಾಗಿ ಬಿದ್ದಿರುವ ಹಾರ, ಅದಕ್ಕೆ ಪೋಣಿಸಿದ ಗಂಟೆ, ಎಲ್ಲವನ್ನೂ ಶಿಲ್ಪಿ ಪುರುಸೊತ್ತಿನಲ್ಲಿ ಬಿಡಿಸಿದ್ದಾನೆ. ಅವನಿಗೂ ಇಲ್ಲಿಯವರೆಗೆ ಹತ್ತಿ ಬಂದು ಸುಸ್ತಾಗಿತ್ತೇನೋ, ಬೇಗ ಮುಗಿಸಿ ಇಳಿಯುವ ಮನಸ್ಸಿರಲಿಲ್ಲ. ಹಿಂದೆ ಗುಹೆಯೊಳಗೆ ಒಂದು ಸಣ್ಣ ಶಿವನ ಗುಡಿ ಇದೆ, ತಲೆ ಬಗ್ಗಿಸಿ ಹೋಗಬೇಕು. ಕಾರ್ತಿಕದಲ್ಲಿ ನಂದಿಗೆ ಮಹಾಭಿಷೇಕ ನಡೆಯುತ್ತದೆ: ಹಾಲು, ಮೊಸರು, ತುಪ್ಪ, ಜೇನು, ಅರಿಶಿನ, ಕುಂಕುಮ. ಬೆಳ್ಳಗೆ, ಹಳದಿಯಾಗಿ, ಕೆಂಪಗೆ ಬಣ್ಣ ಬದಲಾಯಿಸುತ್ತಾ ಇರುವ ಅಷ್ಟು ದೊಡ್ಡ ಎತ್ತನ್ನು ಒಂದು ಸಲ ನೋಡಬೇಕು.

ಇಲ್ಲಿಂದ ಮೇಲಕ್ಕೆ ಸಲೀಸು. ಎಡಕ್ಕೋ ಬಲಕ್ಕೋ ಗಿಡಗಳ ಸಂದಿಯಲ್ಲಿ ಊರು ಕಾಣುತ್ತದೆ: ಲಲಿತಮಹಲಿನ ಬಿಳಿ ಗುಮ್ಮಟ, ಕಾರಂಜಿ ಕೆರೆ, ರೇಸ್‌ಕೋರ್ಸಿನ ಮೊಟ್ಟೆಯಾಕಾರ, ದೂರದಲ್ಲಿ ಸೇಂಟ್ ಫಿಲೋಮಿನಾ ಚರ್ಚಿನ ಜೋಡಿ ಗೋಪುರ. ಜೊತೆಯಲ್ಲಿ ಬಂದವರೆಲ್ಲ ತಪ್ಪದೆ ಮಾಡುವ ಕೆಲಸ ಒಂದೇ, ತಮ್ಮ ಮನೆ ಹುಡುಕುವುದು. ‘ಅಗೋ ಅಲ್ಲಿ ನೀರಿನ ಟ್ಯಾಂಕ್, ಅದರ ಹಿಂದೆ.’ ಪ್ರತಿ ಬಡಾವಣೆಯಲ್ಲೂ ಒಂದೊಂದು ನೀರಿನ ಟ್ಯಾಂಕ್ ಇದೆ ಅನ್ನುವುದು ಆಗ ಯಾರಿಗೂ ನೆನಪಿರುವುದಿಲ್ಲ.

ಮೇಲೆ ಹೋದರೆ 1827ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಕಟ್ಟಿಸಿದ ಏಳಂತಸ್ತಿನ ಗೋಪುರ, ದರ್ಶನದ ಸಾಲು, ಕತ್ತಿ ಹಾವು ಹಿಡಿದ ಮಹಿಷಾಸುರ, ಉಪ್ಪು ಖಾರ ಸವರಿದ ಸೌತೆಕಾಯಿ. ಮಹಿಷಾಸುರನ ಮೀಸೆಗೆ ಹೆದರಿ ಅಳುವ ಮಕ್ಕಳು ಈಗ ಕಡಿಮೆ. ಬೆನ್ನು ತಿರುಗಿಸಿ ಸೆಲ್ಫಿ ತೆಗೆಯುತ್ತವೆ.

ಈಗ ನನ್ನ ಸಿದ್ಧಾಂತಕ್ಕೆ ಬರುತ್ತೇನೆ. ಬೆಟ್ಟ ಹತ್ತುವುದು ಕಾಲಲ್ಲಿ, ಇಳಿಯುವುದು ಬಸ್ಸಲ್ಲಿ. ಶುದ್ಧಾಚಾರದವರು ಇದನ್ನು ಒಪ್ಪುವುದಿಲ್ಲ. ಹತ್ತಿದವನು ಇಳಿಯಬೇಕು, ಅರ್ಧ ಕೆಲಸ ಮಾಡಬಾರದು ಅನ್ನುತ್ತಾರೆ. ಆದರೆ ಮಂಡಿ ಇರುವವರೆಲ್ಲರಿಗೂ ಗೊತ್ತು, ಹತ್ತುವಾಗ ಉಸಿರಿಗೆ ಕಷ್ಟ, ಇಳಿಯುವಾಗ ಮಂಡಿಗೆ ಕಷ್ಟ. ಉಸಿರು ಐದು ನಿಮಿಷ ಕೂತರೆ ವಾಪಸು ಬರುತ್ತದೆ, ಮಂಡಿ ಬರುವುದಿಲ್ಲ. ಭಕ್ತಿಯ ಕಡೆಯಿಂದಲೂ ಆಕ್ಷೇಪಣೆ ಇಲ್ಲ. ‘ಕೆಲಸ ಸಿಕ್ಕರೆ ಮೆಟ್ಟಿಲು ಹತ್ತಿ ಬರ್ತೀನಿ ತಾಯಿ’ ಅಂತ ಹರಕೆ ಹೊತ್ತವರುಂಟು. ‘ಮೆಟ್ಟಿಲು ಇಳಿದು ಹೋಗ್ತೀನಿ ತಾಯಿ’ ಅಂದವರನ್ನು ಯಾರಾದರೂ ತೋರಿಸಲಿ.

ಇನ್ನೊಂದು ಮಾತು. ಮೇಲೆ ಬಸ್ಸು ಇದೆ ಅನ್ನುವ ಧೈರ್ಯದಿಂದಲೇ ಅನೇಕರು ಹತ್ತುವುದು. ಸಿಟಿ ಬಸ್ ಸ್ಟ್ಯಾಂಡಿನಿಂದ ಬೆಟ್ಟಕ್ಕೆ ಓಡಾಡುವ 201ನೇ ನಂಬರನ್ನು ತೆಗೆದುಬಿಟ್ಟರೆ ಮೆಟ್ಟಿಲ ಮೇಲಿನ ಅಜ್ಜಿಯರ ಸಂಖ್ಯೆ ಅರ್ಧಕ್ಕೆ ಇಳಿದೀತು. 2023ರ ಜೂನ್‌ನಲ್ಲಿ ಹೆಂಗಸರಿಗೆ ಟಿಕೆಟ್ ಪುಕ್ಕಟೆಯಾದ ಮೇಲೆ ಈ ಬಸ್ಸಿನಲ್ಲಿ ನನ್ನಂಥವರಿಗೆ ಸೀಟು ಸಿಗುವುದು ಕಷ್ಟ. ಇರಲಿ, ಮಂಡ್ಯದ ಕಡೆಯ ಅತ್ತೆ ಸೊಸೆಯರು ಗಂಡಂದಿರ ಜೇಬಿಗೆ ಕೈ ಹಾಕದೆ ದೇವಿಯನ್ನು ನೋಡಿ ಹೋಗುತ್ತಾರೆ. ಆಷಾಢ ಶುಕ್ರವಾರ ಬಂದರೆ ಖಾಸಗಿ ಗಾಡಿ ಬಿಡುವುದಿಲ್ಲ, ಲಲಿತಮಹಲ್ ಹತ್ತಿರದ ಹೆಲಿಪ್ಯಾಡ್ ಮೈದಾನದಿಂದ ಬಸ್ಸುಗಳೇ ಜನರನ್ನು ಸಾಗಿಸುತ್ತವೆ. ಹೀಗಿರುವಾಗ ಬೆಟ್ಟಕ್ಕೆ ರೋಪ್‌ವೇ ಬೇಕು ಎಂಬ ರಾಗ ಆಗಾಗ ಏಳುತ್ತದೆ, ಊರಿನವರು ವಿರೋಧಿಸುತ್ತಾರೆ, ತಣ್ಣಗಾಗುತ್ತದೆ. 2021ರ ಮಳೆಯಲ್ಲಿ ನಂದಿಯ ಕಡೆಯ ರಸ್ತೆ ಕುಸಿದದ್ದನ್ನು ಕಂಡವರಿಗೆ ಈ ಬೆಟ್ಟದ ಮೇಲೆ ಇನ್ನೂ ಕಂಬ ನೆಡುವ ಆಸೆ ಯಾಕೆ ಬರುತ್ತದೋ. ಇರುವ ಬಸ್ಸಿಗೇ ಇನ್ನೆರಡು ಟ್ರಿಪ್ ಜಾಸ್ತಿ ಮಾಡಿದರೆ ಸಾಕು.

ಇಳಿಯುವ ಬಸ್ಸಿನಲ್ಲಿ ಕಿಟಕಿ ಸೀಟು ಸಿಕ್ಕಿತೆನ್ನಿ. ತಿರುವು ತಿರುವಿಗೆ ಊರು ಎಡಗಡೆ ಕಿಟಕಿಯಿಂದ ಬಲಗಡೆ ಕಿಟಕಿಗೆ ಹೋಗುತ್ತದೆ. ನಿಂತವರೆಲ್ಲ ಒಟ್ಟಿಗೆ ವಾಲುತ್ತಾರೆ. ಬುಟ್ಟಿಯೊಳಗಿನ ಪ್ರಸಾದದ ಲಾಡು, ಹೂವು, ಬೆವರು ಎಲ್ಲದರ ವಾಸನೆ ಒಂದಾಗುತ್ತದೆ. ಕಣ್ಣಿಗೆ ಜೊಂಪು ಹತ್ತುವ ಹೊತ್ತಿಗೆ ಸಿಟಿ ಸ್ಟ್ಯಾಂಡ್ ಬಂದಿರುತ್ತದೆ. ಆಗ ಶುರುವಾಗುವುದು ನಿಜವಾದ ಸಮಸ್ಯೆ. ಅಷ್ಟೊಂದು ಮೆಟ್ಟಿಲಿಗೆ ಬಾಯಿ ಬಿಡದಿದ್ದ ಕಾಲುಗಳು ಬಸ್ಸಿನ ಎರಡೇ ಮೆಟ್ಟಿಲು ಇಳಿಯಲಾರದೆ ಗಡಗಡ ನಡುಗುತ್ತವೆ. ಕಂಬಿ ಹಿಡಿದು ಒಂದು ಕಾಲು ಕೆಳಗಿಡಲೋ ಬೇಡವೋ ಅಂತ ಯೋಚಿಸುತ್ತಿದ್ದರೆ ಹಿಂದಿನಿಂದ ಕಂಡಕ್ಟರ್ ಕೂಗುತ್ತಾರೆ: ‘ಬೇಗ ಇಳ್ಕೊಳಿ ಯಜಮಾನ್ರೇ, ಬೆಟ್ಟಕ್ ಹೋಗೋರು ಕಾಯ್ತಾವ್ರೆ!’