ಹಳಿಯ ಆ ಕಡೆ ಇರೋರು ಕೆಟ್ಟವ್ರಾ ಅತ್ತೆ?

ನಿನ್ನೆ ಸಂಜೆಯಿಂದ ಮನಸ್ಸು ಕುದಿಯುತ್ತಿದೆ. ಬರೆದೇ ಬಿಡುತ್ತೇನೆ.

ಅಣ್ಣನ ಮಗಳು ಇಂಗ್ಲಿಷ್ ವರ್ಕ್‌ಶೀಟ್ ಹಿಡಿದು ಬಂದಳು. ಎಡಗಡೆ ಇಡಿಯಮ್‌ಗಳು, ಬಲಗಡೆ ಅರ್ಥ, ಗೆರೆ ಎಳೆದು ಹೊಂದಿಸಬೇಕು. 'ಫ್ರಮ್ ದ ರಾಂಗ್ ಸೈಡ್ ಆಫ್ ದ ಟ್ರ್ಯಾಕ್ಸ್' ಅನ್ನುವುದಕ್ಕೆ 'ಕೀಳು ಮನೆತನದವರು' ಅನ್ನುವಂಥ ಅರ್ಥ ಕೊಟ್ಟಿದ್ದರು. ಗೆರೆ ಅರ್ಧಕ್ಕೆ ಬಂದಾಗ ಪೆನ್ಸಿಲ್ ನಿಲ್ಲಿಸಿ ಕೇಳಿದಳು: "ಅತ್ತೆ, ಹಳಿಯ ಆ ಕಡೆ ಇರೋರು ಕೆಟ್ಟವ್ರಾ?"

ಇದು ಅಮೆರಿಕದಲ್ಲಿ ಹುಟ್ಟಿದ ಮಾತು. ಅಲ್ಲಿ ಎಷ್ಟೋ ಊರುಗಳ ನಡುವೆ ರೈಲು ಹಳಿ ಹಾದುಹೋಗಿತ್ತು. ಒಂದು ಕಡೆ ಉಳ್ಳವರ ಮನೆ, ಇನ್ನೊಂದು ಕಡೆ ಕಾರ್ಖಾನೆ ಮತ್ತು ಅಲ್ಲಿ ದುಡಿಯುವವರ ಮನೆ. ಕೈಯಲ್ಲಿ ಎಷ್ಟು ಕಾಸಿದೆಯೋ ಅದಕ್ಕೆ ಸಿಗುವ ಕಡೆ ತಾನೇ ಯಾರಾದರೂ ಇರುವುದು? ಅದು 'ರಾಂಗ್' ಕಡೆ ಅಂತ ಹೆಸರಿಟ್ಟವರು ಈ ಕಡೆಯವರು. ವರ್ಕ್‌ಶೀಟ್‌ನಲ್ಲಿ ಇದು ಎಲ್ಲೂ ಇಲ್ಲ. ನನ್ನ ಸಿಟ್ಟು ಇಷ್ಟೇ. ಅರ್ಥ ಕಲಿಸುತ್ತೇವೆ. ಯಾರು ಯಾರಿಗೆ ಅಂದ ಮಾತು ಅಂತ ಕಲಿಸುವುದಿಲ್ಲ.

'ವಿಲನ್' ತಗೊಳ್ಳಿ. ದಿನಕ್ಕೆ ಹತ್ತು ಸಲ ಬಳಸುತ್ತೇವೆ. ಲ್ಯಾಟಿನ್‌ನಲ್ಲಿ 'ವಿಲ್ಲಾ' ಅಂದರೆ ಹೊಲ ಗದ್ದೆಗಳ ನಡುವಿನ ಮನೆ. ಅಲ್ಲಿ ದುಡಿಯುವವನಿಂದ ಈ ಪದ ಬಂತು. ಮಧ್ಯಯುಗದ ಇಂಗ್ಲೆಂಡಿನಲ್ಲಿ ಅವನು ಧಣಿಯ ಜಮೀನಿಗೆ ಕಟ್ಟುಬಿದ್ದವನು. ಕೇಳದೆ ಊರು ಬಿಡುವ ಹಾಗಿಲ್ಲ. ಮಗಳ ಮದುವೆಗೂ ಧಣಿಗೆ ಹಣ ಕಟ್ಟಬೇಕಿತ್ತು. ಅಂಥವನ ಹೆಸರು ದುಷ್ಟನಿಗೆ ಹೋಯಿತು. ಧಣಿಯ ಪದವಿಯಾದ 'ನೋಬಲ್' ಒಳ್ಳೆಯ ಮನಸ್ಸಿಗೆ ಹೆಸರಾಯಿತು! 'ನೇವ್' ಅಂದರೆ ಮೊದಲು ಹುಡುಗ, ಆಮೇಲೆ ಆಳು, ಕೊನೆಗೆ ಮೋಸಗಾರ. 'ಬೂರ್' ಬರೀ ರೈತ, ಈಗ ಒರಟ. 'ವಲ್ಗರ್' ಅಂದರೆ ಜನಸಾಮಾನ್ಯರದ್ದು, ಅಷ್ಟೇ. ಬಡವರಿಗೆ ಇದ್ದ ಹೆಸರೆಲ್ಲ ಬೈಗುಳ ಆಗಿದ್ದು ಸುಮ್ನೆ ಆಗಲಿಲ್ಲ.

'ಬ್ಲೂ ಬ್ಲಡ್' ಬಂದಿದ್ದು ಸ್ಪೇನಿನಿಂದ. ನಮ್ಮ ವಂಶದಲ್ಲಿ ಮೂರರು (ಉತ್ತರ ಆಫ್ರಿಕಾದಿಂದ ಬಂದ ಮುಸ್ಲಿಮರು), ಯೆಹೂದಿಗಳು ಬೆರೆತಿಲ್ಲ, ನೋಡಿ, ಬಿಳಿ ಚರ್ಮದ ಕೆಳಗೆ ನರ ನೀಲಿಯಾಗಿ ಕಾಣುತ್ತದೆ ಅಂತ ಅಲ್ಲಿನ ಕ್ಯಾಸ್ಟೀಲ್ ಪ್ರಾಂತ್ಯದ ಶ್ರೀಮಂತ ಮನೆತನಗಳು ತೋರಿಸಿಕೊಳ್ಳುತ್ತಿದ್ದವು. ಎಂಥ ಮಾತು ಇದು! ಇದನ್ನು ನಾವು 'ರಾಜಮನೆತನದವರು' ಅಂತ ಒಂದೇ ಪದದಲ್ಲಿ ಮುಗಿಸಿ ಮುಂದಕ್ಕೆ ಹೋಗುತ್ತೇವೆ.

ಹೆಸರು ಕೆಡುವ ಮಾತಿಗೆ ಬರೋಣ. 'ಹಿಸ್ ನೇಮ್ ಈಸ್ ಮಡ್' ಅಂದರೆ ಅವನ ಮಾನ ಮಣ್ಣುಪಾಲಾಯಿತು ಅಂತ. ಇದಕ್ಕೊಂದು ಕಥೆ ಓಡಾಡುತ್ತದೆ. 1865ರಲ್ಲಿ ಲಿಂಕನ್‌ಗೆ ಗುಂಡು ಹೊಡೆದ ಬೂತ್‌ನ ಮುರಿದ ಕಾಲಿಗೆ ಕಟ್ಟು ಹಾಕಿದ ಡಾಕ್ಟರ್ ಸ್ಯಾಮ್ಯುಯೆಲ್ ಮಡ್ ಅವರಿಂದ ಈ ಮಾತು ಬಂತಂತೆ. ಆದರೆ 1823ರ ಒಂದು ನಿಘಂಟಿನಲ್ಲೇ ಈ ಮಾತಿದೆ. ಮಡ್ ಹುಟ್ಟಿದ್ದು 1833ರಲ್ಲಿ. ಅವರಿಗೆ ಜೀವಾವಧಿ ಶಿಕ್ಷೆ ಆಯಿತು, 1869ರಲ್ಲಿ ಅಧ್ಯಕ್ಷರ ಕ್ಷಮೆಯೂ ಸಿಕ್ಕಿತು. ಕಥೆ ಮಾತ್ರ ಅವರನ್ನು ಬಿಟ್ಟಿಲ್ಲ. ಹುಟ್ಟುವುದಕ್ಕೆ ಹತ್ತು ವರ್ಷ ಮೊದಲೇ ಇದ್ದ ಮಾತನ್ನು ಅವರ ತಲೆಗೆ ಕಟ್ಟಿದ್ದಾರೆ.

"ಹಳೇ ಕಥೆ ಬಿಡಿ, ಮಾತು ಸವೆದುಹೋಗಿದೆ, ಕನ್ನಡದಲ್ಲಿ ಹಳ್ಳಿಗುಗ್ಗು ಅನ್ನಲ್ವಾ?" ಅಂತ ಕೇಳುವವರಿದ್ದೀರಿ. ಅನ್ನುತ್ತೇವೆ, ತಪ್ಪೇ. ಆದರೆ ಹಾಗೆ ಅಂದಾಗ ಎದುರಿಗಿರುವವರ ಮುಖ ಬಾಡುವುದು ನಮಗೆ ಗೊತ್ತಾಗುತ್ತದೆ. ಇಂಗ್ಲಿಷಿನಲ್ಲಿ ಅಂದಾಗ ಚುಚ್ಚಿದ್ದು ನಮಗೇ ತಿಳಿಯುವುದಿಲ್ಲ. ಮಾತು ಪೂರ್ತಿ ಸವೆದಿದ್ದರೆ ಆ ಮಗು ಪೆನ್ಸಿಲ್ ಯಾಕೆ ನಿಲ್ಲಿಸಬೇಕಿತ್ತು?

ಇಷ್ಟು ಸಿಟ್ಟು ಯಾಕೆ ಅಂತಲೂ ಹೇಳಿಬಿಡುತ್ತೇನೆ. ಅದೇ ಹಾಳೆಯಲ್ಲಿ 'ಬ್ಲ್ಯಾಕ್ ಶೀಪ್' ಕೂಡ ಇತ್ತು. ಕಪ್ಪು ಉಣ್ಣೆಗೆ ಬೇರೆ ಬಣ್ಣ ಹತ್ತುವುದಿಲ್ಲ, ಅದಕ್ಕೇ ಬೆಲೆ ಕಡಿಮೆ. ಕುರಿಯದ್ದು ಏನೂ ತಪ್ಪಿಲ್ಲ. ನನ್ನ ತಮ್ಮ ಓದು ಅರ್ಧಕ್ಕೆ ಬಿಟ್ಟು ಮನೆಗೆ ಬಂದ ವರ್ಷ, ಮನೆಗೆ ಬಂದವರ ಮುಂದೆ ಅವನನ್ನು ತೋರಿಸಿ 'ಹಿ ಈಸ್ ದ ಬ್ಲ್ಯಾಕ್ ಶೀಪ್ ಆಫ್ ದ ಫ್ಯಾಮಿಲಿ' ಅಂದಿದ್ದೆ. ಎಲ್ಲರೂ ನಕ್ಕರು. ಅವನೂ ನಕ್ಕ. ಆಮೇಲೆ ತಟ್ಟೆ ಎತ್ತಿಕೊಂಡು ಒಳಗೆ ಹೋದ, ಅವರು ಹೊರಡುವ ತನಕ ಈಚೆ ಬರಲಿಲ್ಲ. 'ಇವನು ಮನೆ ಮರ್ಯಾದೆ ತೆಗೆದವನು' ಅಂತ ಕನ್ನಡದಲ್ಲಿ ಅನ್ನಲು ನನ್ನ ನಾಲಿಗೆ ಏಳುತ್ತಿರಲಿಲ್ಲ. ಇಂಗ್ಲಿಷಿನಲ್ಲಿ ಸಲೀಸಾಗಿ ಅಂದುಬಿಟ್ಟೆ. ಮೀಸೆ ಮೂಡುತ್ತಿದ್ದ ಹುಡುಗ ಅವನು.

ನಿನ್ನೆ ಅವಳಿಗೆ ಹಳಿಯ ಕಥೆ ಹೇಳಿದೆ, ಉಣ್ಣೆಯ ಕಥೆಯನ್ನೂ ಹೇಳಿದೆ. ಮಾರ್ಕ್ಸ್ ಬೇಕಲ್ಲ, ಗೆರೆ ಪೂರ್ತಿ ಎಳೆದಳು. ತಮ್ಮನ ಕಥೆ ಹೇಳಲು ಆಗಲಿಲ್ಲ. ಅವಳಿಗೆ ಅವನು ಪ್ರೀತಿಯ ಚಿಕ್ಕಪ್ಪ. ಅವನು ಫೇಸ್‌ಬುಕ್‌ನಲ್ಲಿ ಇಲ್ಲ. ನಾಳೆ ಬೆಳಗ್ಗೆ ಅವನಿಗೆ ಫೋನ್ ಮಾಡುತ್ತೇನೆ.