ಆ ತೊಟ್ಟಿಯಲ್ಲಿ ಜೀವ ಇದೆ

ನನ್ನ ಕೆಲಸ ಕೊಳಚೆ ನೀರು ಶುದ್ಧ ಮಾಡುವ ಘಟಕದಲ್ಲಿ. ಬೆಳಿಗ್ಗೆ ಹೋದ ತಕ್ಷಣ ಗಾಳಿ ಹಾಯಿಸುವ ತೊಟ್ಟಿಯಿಂದ ಒಂದು ಲೀಟರ್ ಕಂದು ನೀರು ತರುತ್ತೇನೆ. ಗೆರೆ ಇರುವ ಗಾಜಿನ ಜಾಡಿಗೆ ಸುರಿದು 30 ನಿಮಿಷ ಅಲುಗಾಡಿಸದೆ ಬಿಡುತ್ತೇನೆ. ಮೊದಲ ಐದು ನಿಮಿಷದಲ್ಲೇ ಸಣ್ಣ ಸಣ್ಣ ಚೂರುಗಳು ಒಂದಕ್ಕೊಂದು ಅಂಟಿಕೊಂಡು ಹತ್ತಿಯ ತುಣುಕಿನ ಹಾಗೆ ಆಗುತ್ತವೆ. ಆಮೇಲೆ ಮೆಲ್ಲಗೆ ಕೆಳಗಿಳಿಯುತ್ತವೆ. ಅರ್ಧ ಗಂಟೆಗೆ ಮೇಲಿನ ನೀರು ತಿಳಿಯಾಗಿರುತ್ತದೆ. ಜಾಡಿಯ ಹಿಂದೆ ಕಾಗದ ಹಿಡಿದರೆ ಅಕ್ಷರ ಓದಬಹುದು. ವಾಸನೆ ನೋಡಿದರೆ ಒದ್ದೆ ಮಣ್ಣಿನದು. ಕೊಳಚೆ ನೀರಿನ ಘಟಕ ಅಂದ ಕೂಡಲೇ ಮೂಗು ಮುಚ್ಚಿಕೊಳ್ಳುವವರಿಗೆ ಇದನ್ನು ಹೇಳಿದರೆ ನಂಬುವುದೇ ಇಲ್ಲ.

ಆ ಕಂದು ಚೂರುಗಳೆಲ್ಲ ಬ್ಯಾಕ್ಟೀರಿಯಾಗಳ ಗುಂಪು. ಘಟಕದ ಅಸಲಿ ಕೆಲಸಗಾರರು ಅವೇ. ನಾವೆಲ್ಲ ಅವಕ್ಕೆ ಊಟ, ಗಾಳಿ ಸರಿಯಾಗಿ ಸಿಗುತ್ತಿದೆಯಾ ಅಂತ ನೋಡಿಕೊಳ್ಳುವವರು, ಅಷ್ಟೇ.

ಕೊಳಚೆ ನೀರಿನಲ್ಲಿ ನೂರಕ್ಕೆ ಸುಮಾರು 99.9 ಭಾಗ ಬರೀ ನೀರೇ. ನೂರು ಲೀಟರಿಗೆ ಹೆಚ್ಚುಕಡಿಮೆ ನೂರು ಗ್ರಾಂ ಕಲ್ಮಶ. ಇಷ್ಟು ಕಡಿಮೆ ಇದ್ದರೆ ಹೊಳೆಗೆ ಬಿಟ್ಟರೇನು, ಕರಗಿ ಹೋಗುತ್ತದಲ್ಲ ಎಂದು ಎಷ್ಟೋ ಜನ ನನ್ನನ್ನು ಕೇಳಿದ್ದಾರೆ. ಇಲ್ಲೇ ನಾವು ತಪ್ಪು ಮಾಡುವುದು. 20 ಡಿಗ್ರಿಯಲ್ಲಿ ಒಂದು ಲೀಟರ್ ಶುದ್ಧ ನೀರಿನಲ್ಲಿ ಕರಗಿರುವ ಆಮ್ಲಜನಕ ಸುಮಾರು 9 ಮಿಲಿಗ್ರಾಂ ಮಾತ್ರ. ಮೀನು, ಹುಳು, ಗಿಡ ಎಲ್ಲಕ್ಕೂ ಅದೇ ಆಧಾರ. ಮನೆಗಳಿಂದ ಬರುವ ಕೊಳಚೆಯ ಒಂದು ಲೀಟರನ್ನು ಬ್ಯಾಕ್ಟೀರಿಯಾ ಐದು ದಿನ ತಿನ್ನಲು ಬೇಕಾಗುವ ಆಮ್ಲಜನಕ ಸಾಮಾನ್ಯವಾಗಿ 200ರಿಂದ 300 ಮಿಲಿಗ್ರಾಂ. ಇದನ್ನೇ ಬಿಒಡಿ ಅನ್ನುತ್ತೇವೆ. ಲೆಕ್ಕ ಹಾಕಿ ನೋಡಿ. ಒಂದು ಲೀಟರ್ ಕೊಳಚೆ ಇಪ್ಪತ್ತೈದು ಮೂವತ್ತು ಲೀಟರ್ ಒಳ್ಳೆಯ ನೀರಿನ ಉಸಿರನ್ನೇ ನುಂಗಿಬಿಡುತ್ತದೆ. ಹೊಳೆಯಲ್ಲಿ ಮೀನು ರಾಶಿ ರಾಶಿಯಾಗಿ ತೇಲಿದಾಗ ವಿಷ ಬಿದ್ದಿದೆ ಅನ್ನುತ್ತಾರೆ. ಎಷ್ಟೋ ಸಲ ಅವು ಸತ್ತಿರುವುದು ಉಸಿರುಗಟ್ಟಿ.

ಹೊಳೆ ಹತ್ತಾರು ಮೈಲಿ ಹರಿದು, ದಿನಗಟ್ಟಲೆ ಒದ್ದಾಡಿ ಮಾಡುವ ಕೆಲಸವನ್ನು ಘಟಕ ಕೆಲವು ಗಂಟೆಗಳಲ್ಲಿ ಮುಗಿಸುತ್ತದೆ. ಜಾಲರಿ ಹಾಕಿ ಬಟ್ಟೆ, ಪ್ಲಾಸ್ಟಿಕ್ ತೆಗೆಯುವುದು, ಮರಳು ತೆಗೆಯುವುದು, ಭಾರದ್ದನ್ನು ತಳಕ್ಕೆ ಕೂರಿಸುವುದು, ಇವೆಲ್ಲ ಸುಲಭದ ಹಂತ. ಇಷ್ಟು ಮಾಡಿದರೂ ಬಿಒಡಿ ಹೋಗುವುದು ಮೂರನೇ ಒಂದು ಭಾಗ ಮಾತ್ರ. ನೀರಿನಲ್ಲಿ ಕರಗಿರುವುದನ್ನು ಯಾವ ಜಾಲರಿಯೂ ಹಿಡಿಯುವುದಿಲ್ಲ. ಅದನ್ನು ಯಾರಾದರೂ ತಿನ್ನಲೇಬೇಕು.

ಈ ಗುಟ್ಟು ಸಿಕ್ಕಿದ್ದು ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ. ಆರ್ಡರ್ನ್ ಮತ್ತು ಲಾಕೆಟ್ ಎಂಬಿಬ್ಬರು ಕೊಳಚೆ ನೀರಿಗೆ ಗಾಳಿ ಊದಿ ನೋಡಿದರು. ಮೊದಲ ಸಲ ನೀರು ಪೂರ್ತಿ ಶುದ್ಧವಾಗಲು ಸುಮಾರು ಐದು ವಾರ ಬೇಕಾಯಿತು. ತಳದಲ್ಲಿ ಕೂತ, ಬ್ಯಾಕ್ಟೀರಿಯಾ ತುಂಬಿದ ಕೆಸರನ್ನು ಅವರು ಚೆಲ್ಲಲಿಲ್ಲ. ಅದರ ಮೇಲೇ ಹೊಸ ಕೊಳಚೆ ಸುರಿದು ಮತ್ತೆ ಗಾಳಿ ಕೊಟ್ಟರು. ಪ್ರತಿ ಸಲ ಸಮಯ ಕಡಿಮೆಯಾಗುತ್ತಾ ಬಂದು ಕೊನೆಗೆ ಒಂದೇ ದಿನದೊಳಗೆ ಕೆಲಸ ಮುಗಿಯಿತು. 1914ರಲ್ಲಿ ಅದನ್ನು ಪ್ರಕಟಿಸಿದರು. ಇವತ್ತು ಜಗತ್ತಿನ ಲೆಕ್ಕವಿಲ್ಲದಷ್ಟು ಘಟಕಗಳು ನಡೆಯುತ್ತಿರುವುದು ಅದೇ ದಾರಿಯಲ್ಲಿ. ಎಲ್ಲರೂ ಗಲೀಜು ಅಂತ ಎಸೆಯುತ್ತಿದ್ದದ್ದನ್ನು ಉಳಿಸಿಕೊಂಡರಲ್ಲ, ಅದು ನನಗೆ ಇಂದಿಗೂ ಸೋಜಿಗ.

ನನ್ನ ಸಂಕಟ ಇರುವುದು ಇಲ್ಲಿ. ಘಟಕ ಕಟ್ಟಿಸುವಾಗ ಎಲ್ಲರಿಗೂ ಉತ್ಸಾಹ. ನಡೆಸುವಾಗ ಯಾರೂ ಇಲ್ಲ. ಗಾಳಿ ಊದುವ ಬ್ಲೋವರ್‌ಗಳೇ ಎಷ್ಟೋ ಘಟಕಗಳಲ್ಲಿ ಅರ್ಧದಷ್ಟು ಕರೆಂಟ್ ತಿನ್ನುತ್ತವೆ. ಹಾಗಾಗಿ ಬಿಲ್ ಜಾಸ್ತಿ ಬಂತು ಅಂದ ಕೂಡಲೇ ಮೊದಲು ಕೈ ಹೋಗುವುದು ಅದರ ಸ್ವಿಚ್ಚಿಗೆ. ರಾತ್ರಿಯೆಲ್ಲ ಆರಿಸಿ ಬೆಳಿಗ್ಗೆ ಹಾಕಿದರಾಯಿತು ಅನ್ನುತ್ತಾರೆ. ಅದೇನು ಬರೀ ಮೋಟಾರಾ? ತೊಟ್ಟಿಯಲ್ಲಿರುವ ಬ್ಯಾಕ್ಟೀರಿಯಾ ಉಸಿರಾಡುವ ಜೀವಗಳು. ಕೆಲವೇ ಗಂಟೆಯಲ್ಲಿ ಕೆಸರು ಕಪ್ಪಾಗಿ ಕೊಳೆತ ಮೊಟ್ಟೆಯ ನಾತ ಶುರುವಾಗುತ್ತದೆ. ಬ್ಲೋವರ್ ಆರಿಸಿದ ಘಟಕ ಬರೀ ಕಾಂಕ್ರೀಟ್ ಗುಂಡಿ. ಅದನ್ನು ಲೆಕ್ಕದಲ್ಲಿ ಘಟಕ ಅಂತ ತೋರಿಸುವುದು ಮೋಸ ಎಂದೇ ನಾನು ಹೇಳುತ್ತೇನೆ.

ಮಳೆ ನೀರಿನ ಪೈಪನ್ನು ಒಳಚರಂಡಿಗೆ ಸೇರಿಸುವವರಿಗೂ ಒಂದು ಮಾತು. ನೀರೇ ತಾನೇ ಅಂತ ಅನಿಸುತ್ತದೆ, ಅಲ್ವಾ? ಜೋರು ಮಳೆ ಬಂದ ದಿನ ಆ ಪ್ರವಾಹ ಘಟಕಕ್ಕೆ ನುಗ್ಗಿ ವಾರಗಟ್ಟಲೆ ಬೆಳೆಸಿದ ಬ್ಯಾಕ್ಟೀರಿಯಾವನ್ನೇ ಕೊಚ್ಚಿಕೊಂಡು ಹೋಗುತ್ತದೆ.

ಒಂದು ಬೆಳಿಗ್ಗೆ ನನ್ನ ಜಾಡಿ ತಿಳಿಯಾಗಲೇ ಇಲ್ಲ. 30 ನಿಮಿಷ ಆಯಿತು, ಒಂದು ಗಂಟೆ ಆಯಿತು. ನೀರು ಮಸುಕಾಗಿಯೇ ಇತ್ತು. ತೊಟ್ಟಿಯ ಮೇಲೆ ಬಿಳಿ ನೊರೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಒಂದು ಜೀವಿಯೂ ಅಲುಗಾಡುತ್ತಿಲ್ಲ. ರಾತ್ರಿ ಯಾರೋ ಎಲ್ಲೋ ಮ್ಯಾನ್‌ಹೋಲಿಗೆ ಯಾವುದೋ ರಾಸಾಯನಿಕ ಸುರಿದಿದ್ದರು. ಯಾರೆಂದು ಕೊನೆಗೂ ಗೊತ್ತಾಗಲಿಲ್ಲ. ಅವರಿಗೆ ಅದು ಐದು ನಿಮಿಷದ ಕೆಲಸ ಇರಬೇಕು.

ಮನೆಯಲ್ಲಿ ಇಷ್ಟು ದೊಡ್ಡ ಪ್ರಮಾಣದಲ್ಲಿ ಯಾರೂ ಸುರಿಯುವುದಿಲ್ಲ, ನಿಜ. ಆದರೆ ಸಾವಿರ ಮನೆಗಳ ಪೈಪು ಬಂದು ಸೇರುವುದು ಒಂದೇ ತೊಟ್ಟಿಗೆ. ಉಳಿದ ಪೇಂಟ್, ಥಿನ್ನರ್, ಅವಧಿ ಮುಗಿದ ಮಾತ್ರೆಗಳನ್ನು ಸಿಂಕಿಗೆ ಸುರಿಯಬೇಡಿ. ಎಷ್ಟೋ ಔಷಧಿಗಳನ್ನು ನಮ್ಮ ಬ್ಯಾಕ್ಟೀರಿಯಾ ಪೂರ್ತಿ ಒಡೆಯಲಾರವು, ಅವು ನೇರ ಹೊಳೆ ಸೇರುತ್ತವೆ. ಜಿಡ್ಡನ್ನು ಕಾಗದದಲ್ಲಿ ಒರೆಸಿ ಕಸಕ್ಕೆ ಹಾಕಿ. ಒದ್ದೆ ವೈಪ್ಸ್ ಕರಗುವುದಿಲ್ಲ, ಪೊಟ್ಟಣದ ಮೇಲೆ ಏನೇ ಬರೆದಿರಲಿ. ಪಂಪಿಗೆ ಹಗ್ಗದ ಹಾಗೆ ಸುತ್ತಿಕೊಂಡಿದ್ದನ್ನು ಚಾಕುವಿನಿಂದ ಕೊಯ್ದು ತೆಗೆದಿದ್ದೇವೆ.

ಆವತ್ತು ಸತ್ತ ತೊಟ್ಟಿಗೆ ಬೇರೆ ಘಟಕದಿಂದ ಒಂದು ಟ್ಯಾಂಕರ್ ಜೀವಂತ ಕೆಸರು ತಂದು ಬಿತ್ತನೆ ಮಾಡಿದೆವು. ದಿನಾ ಜಾಡಿ ಇಟ್ಟು ಕಾದೆವು. ಮೂರು ವಾರ ಹಿಡಿಯಿತು. ಒಂದು ದಿನ ಸೂಕ್ಷ್ಮದರ್ಶಕದ ಕೆಳಗೆ ವೋರ್ಟಿಸೆಲ್ಲಾ ಕಾಣಿಸಿತು. ತೆಳ್ಳಗಿನ ಕಡ್ಡಿಯ ತುದಿಯಲ್ಲಿ ಪುಟ್ಟ ಗಂಟೆ ಕಟ್ಟಿದ ಹಾಗೆ ಇರುವ ಜೀವಿ. ಸ್ಪ್ರಿಂಗಿನ ಹಾಗೆ ಸಟ್ಟನೆ ಮುದುಡಿ, ಮತ್ತೆ ನಿಧಾನಕ್ಕೆ ಚಾಚಿಕೊಂಡಿತು. ಅದು ಬಂತೆಂದರೆ ಕೆಸರು ಚೇತರಿಸಿಕೊಂಡಿದೆ ಎಂದೇ ಲೆಕ್ಕ. ಪಂಪ್ ಆಪರೇಟರ್‌ನನ್ನು ಕೂಗಿ ಕರೆದೆ. ಅವನೂ ಕಣ್ಣಿಟ್ಟು ನೋಡಿದ, ತುಂಬಾ ಹೊತ್ತು.