ಮಾತ್ರೆ ಸಿಕ್ಕಿತು, ನೀರು ಯಾವಾಗ?

ಇವತ್ತು ನಮ್ಮ ಶಾಲೆಯಲ್ಲಿ ಆರೋಗ್ಯ ತಪಾಸಣೆ ಇತ್ತು. ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳ ಹಿಮೋಗ್ಲೋಬಿನ್ 8.6 ಬಂತು. 12 ಆದರೂ ಇರಬೇಕಾದ್ದು. ಅಂದ್ರೆ ರಕ್ತಹೀನತೆ. ತಪಾಸಣೆಗೆ ಬಂದವರು ಎಲ್ಲರ ಮುಂದೆ ಕೇಳಿದರು: "ಮನ್ಯಾಗ ಪಲ್ಯ ತಿನ್ನಂಗಿಲ್ಲೇನು? ಬರೀ ಅಂಗಡಿ ಚಿಪ್ಸ್ ತಿಂತೀಯೇನು?" ಆಕೆ ತಲೆ ತಗ್ಗಿಸಿದಳು. ಕಬ್ಬಿಣದ ನೀಲಿ ಮಾತ್ರೆ ಕೈಗಿಟ್ಟು ಮುಂದಿನವಳನ್ನು ಕರೆದರು. ಆಗ ಬಂದ ಸಿಟ್ಟು ರಾತ್ರಿಯಾದರೂ ಇಳಿದಿಲ್ಲ. ಅದಕ್ಕೇ ಬರೀತಿದ್ದೇನೆ.

ರಾಯಚೂರು ಜಿಲ್ಲೆಯ ಹುಡುಗಿಗೆ ಪಲ್ಯ ತಿನ್ನೋದನ್ನು ಹೇಳಿಕೊಡಬೇಕಾ? ರೊಟ್ಟಿ, ಪುಂಡಿ ಪಲ್ಯ ತಿಂದೇ ಬೆಳೆದವಳು ಆಕೆ. ನೀನು ಕುಡಿಯೋ ನೀರು ಎಲ್ಲಿಂದ ಬರುತ್ತೆ ಅಂತ ಒಬ್ಬರೂ ಕೇಳಲಿಲ್ಲ. ಬೆಳಿಗ್ಗೆ ಎದ್ದು ಎಲ್ಲಿಗೆ ಹೋಗ್ತೀಯ ಅಂತ ಕೇಳಲಿಲ್ಲ. ಕಾಲಿಗೆ ಚಪ್ಪಲಿ ಇದೆಯಾ ಅಂತ ನೋಡಲಿಲ್ಲ.

ನನಗೆ ಆಕೆಯ ಊರು ಗೊತ್ತು. ಕಾಲುವೆಯ ಕೊನೇ ಭಾಗದ ಊರು. ಕಾಲುವೆಗೆ ನೀರು ಬಿಟ್ಟಾಗ ಊರ ಕೆರೆ ತುಂಬಿಸಿಕೊಳ್ಳುತ್ತಾರೆ. ಕಾಲುವೆ ಬಂದ್ ಆದಮೇಲೆ ಅದೇ ನೀರು ದಿನದಿನಕ್ಕೆ ಹಸಿರಾಗುತ್ತಾ ಹೋಗುತ್ತೆ, ಅದೇ ನಲ್ಲಿಗೆ ಬರುತ್ತೆ. ಮನೆಯಲ್ಲಿ ಶೌಚಾಲಯ ಕಟ್ಟಿಸಿದ್ದಾರೆ. ಒಳಗೆ ಕಟ್ಟಿಗೆ, ಕುಳ್ಳು ತುಂಬಿದ್ದಾರೆ, ಯಾಕಂದ್ರೆ ಸುರಿಯೋಕೆ ನೀರಿಲ್ಲ. ಬೆಳಕು ಹರಿಯೋ ಮುಂಚೆ ತಂಬಿಗೆ ಹಿಡಿದು ಗದ್ದೆ ಬದುವಿನ ಕಡೆ ಹೋಗ್ತಾರೆ. ಅದೇ ಗದ್ದೆಯಲ್ಲಿ ಬರಿಗಾಲಲ್ಲಿ ನಿಂತು ಅವ್ವ ಭತ್ತದ ಸಸಿ ಹಚ್ಚುತ್ತಾಳೆ. ರಜೆ ಇದ್ದರೆ ಮಗಳೂ.

ನಾನು ವಿಜ್ಞಾನ ಪಾಠ ಮಾಡೋಳು ಅಂತ ನಿಮಗೆ ಗೊತ್ತೇ ಇದೆ. ಸ್ವಲ್ಪ ಪಾಠ ಮಾಡ್ತೀನಿ, ಓದಿ. ಕೊಕ್ಕೆಹುಳದ ಮೊಟ್ಟೆ ಮಲದಲ್ಲಿ ಹೊರಗೆ ಬರುತ್ತೆ. ತೇವದ ಮಣ್ಣಲ್ಲಿ ಒಡೆದು ಮರಿಯಾಗುತ್ತೆ. ಆ ಮರಿ ಅಂಗಾಲಿನ ಚರ್ಮ ಕೊರೆದು ಒಳಗೆ ಹೋಗಿ, ರಕ್ತದ ಜೊತೆ ಶ್ವಾಸಕೋಶ ಸೇರಿ, ಗಂಟಲಿಗೆ ಬಂದು, ಉಗುಳಿನ ಜೊತೆ ಕರುಳಿಗೆ ಇಳಿಯುತ್ತೆ. ಅಲ್ಲಿ ಕಚ್ಚಿಕೊಂಡು ರಕ್ತ ಹೀರುತ್ತೆ. ಒಂದು ಜಾತಿಯ ಹುಳ ದಿನಕ್ಕೆ ಸುಮಾರು 0.03 ಮಿಲಿಲೀಟರ್, ಇನ್ನೊಂದು ಜಾತಿಯದು ಸುಮಾರು 0.2 ಮಿಲಿಲೀಟರ್. ಇಷ್ಟೇನಾ ಅನ್ನಬೇಡಿ. ಹುಳಗಳು ನೂರಾದರೆ ಲೆಕ್ಕ ಹಾಕಿ. ಹದಿನಾಲ್ಕು ವರ್ಷದ ಹುಡುಗಿ, ತಿಂಗಳ ಮುಟ್ಟು ಬೇರೆ.

ಜಂತುಹುಳದ ಮಾತ್ರೆ ಕೊಡ್ತೀವಲ್ಲ ಅಂತೀರಿ. ಕೊಡ್ತೀವಿ, ನಾನೇ ನಿಂತು ನುಂಗಿಸ್ತೀನಿ. ಹುಳ ಸಾಯುತ್ತೆ. ಮರುದಿನ ಬೆಳಿಗ್ಗೆ ಆ ಮಗು ಮತ್ತೆ ಅದೇ ಬದುವಿಗೆ ಹೋಗುತ್ತೆ.

ಇದೇನು ಹೊಸ ಸುದ್ದಿಯಲ್ಲ. 1872ರಿಂದ 1882ರವರೆಗೆ ಆಲ್ಪ್ಸ್ ಬೆಟ್ಟದಲ್ಲಿ ಗೊಟ್ಹಾರ್ಡ್ ರೈಲು ಸುರಂಗ ಕೊರೆದರು. ಒಳಗೆ ಸೆಕೆ, ಕೆಸರು, ಶೌಚಾಲಯ ಇಲ್ಲ. ಗಟ್ಟಿಮುಟ್ಟಾದ ಕೂಲಿಯಾಳುಗಳು ಬಿಳಿಚಿಕೊಂಡು ಕುಸಿದರು. 1880ರಲ್ಲಿ ಇಟಲಿಯ ಪೆರೊಂಚಿಟೊ ಎಂಬ ವಿಜ್ಞಾನಿ ಅವರ ಹೊಟ್ಟೆಯಲ್ಲಿ ಕೊಕ್ಕೆಹುಳ ಇರೋದನ್ನು ತೋರಿಸಿಕೊಟ್ಟರು. ಅವತ್ತೇ ಗೊತ್ತಾದದ್ದನ್ನು ಇವತ್ತು ನಮ್ಮ ಹುಡುಗಿಯರ ವಿಷಯದಲ್ಲಿ ಯಾಕೆ ಮರೆತಿದ್ದೇವೆ?

ಹುಳವೇ ಇಲ್ಲ ಅಂದ್ಕೊಳ್ಳಿ. ಕೊಳಕು ನೀರು ಸಾಕು. ಪದೇ ಪದೇ ಭೇದಿ, ಕರುಳಲ್ಲಿ ಸದಾ ಉರಿಯೂತ. ಮೈಯಲ್ಲಿ ಉರಿಯೂತ ಇದ್ದಾಗ ಲಿವರ್ ಹೆಪ್ಸಿಡಿನ್ ಅನ್ನೋ ಹಾರ್ಮೋನನ್ನು ಜಾಸ್ತಿ ಮಾಡುತ್ತೆ. ಆ ಹಾರ್ಮೋನು ಊಟದ ಕಬ್ಬಿಣ ರಕ್ತಕ್ಕೆ ಸೇರದಂತೆ ತಡೆಯುತ್ತೆ. ಪುಂಡಿ ಪಲ್ಯ ತಿಂದರೂ ಅಷ್ಟೇ, ನೀಲಿ ಮಾತ್ರೆ ನುಂಗಿದರೂ ಅಷ್ಟೇ, ಒಳಗೆ ಸೇರೋದು ಸ್ವಲ್ಪವೇ. ಬೈಸಿಕೊಳ್ಳೋದು ಮಾತ್ರ ಹುಡುಗಿ.

ಇನ್ನು ಮಾತ್ರೆಯ ಕಥೆ. ವಾರಕ್ಕೊಂದು, ಅದರಲ್ಲಿ 60 ಮಿಲಿಗ್ರಾಂ ಕಬ್ಬಿಣ. ಕೆಲವರಿಗೆ ವಾಕರಿಕೆ, ಕೆಲವರಿಗೆ ಹೊಟ್ಟೆ ಕೆಡುತ್ತೆ. ಶಾಲೆಯ ಶೌಚಾಲಯದ ನಲ್ಲಿಯಲ್ಲಿ ನೀರಿಲ್ಲ. ಹೊಟ್ಟೆ ಕೆಟ್ಟರೆ ಆ ಹುಡುಗಿ ಎಲ್ಲಿಗೆ ಹೋಗಬೇಕು? ಅದಕ್ಕೇ ಮಾತ್ರೆ ನಾಲಿಗೆ ಕೆಳಗೆ ಇಟ್ಟುಕೊಂಡು ಆಮೇಲೆ ಉಗುಳುತ್ತಾರೆ. ಅವರನ್ನು ಬೈಯೋಕೆ ನನಗೆ ಬಾಯಿ ಬರಲ್ಲ. ನಾನೂ ಹೈಸ್ಕೂಲಿನಲ್ಲಿ ಬೆಳಿಗ್ಗೆಯಿಂದ ನೀರೇ ಕುಡೀತಿರಲಿಲ್ಲ, ಸಂಜೆ ಮನೆ ಸೇರೋ ತನಕ ತಡೆದುಕೊಂಡು ಕೂರುತ್ತಿದ್ದೆ. ಉರಿ ಮೂತ್ರ ಬಂದರೂ ಅವ್ವನಿಗೆ ಹೇಳಿರಲಿಲ್ಲ. ಇದನ್ನು ಇಲ್ಲಿ ಮೊದಲ ಸಲ ಬರೀತಿದ್ದೇನೆ. ನನ್ನ ವಿದ್ಯಾರ್ಥಿನಿಯರೂ ಇವತ್ತಿಗೂ ಹಾಗೇ ಕೂರುತ್ತಾರೆ ಅನ್ನೋದು ನನಗೆ ತಡೆಯೋಕಾಗಲ್ಲ.

"ಶೌಚಾಲಯ ಕಟ್ಟಿಕೊಟ್ಟರೂ ಜನ ಬಳಸಲ್ಲ, ಟೀಚರ್" ಅಂತ ಕಾಮೆಂಟ್ ಬರುತ್ತೆ, ಗೊತ್ತು. ಬಿಂದಿಗೆ ಹೊತ್ತು ನೀರು ತರೋ ಮನೆಯಲ್ಲಿ ಒಬ್ಬೊಬ್ಬರು ಹೋಗಿ ಬಂದಾಗಲೂ ಒಂದು ಬಕೆಟ್ ಸುರಿಯಿರಿ ಅಂದ್ರೆ ಯಾರು ಸುರೀತಾರೆ? ಆ ಬಿಂದಿಗೆ ಹೊರೋದೂ ಅದೇ ರಕ್ತ ಕಮ್ಮಿ ಇರೋ ಹೆಂಗಸೇ ಅಲ್ವಾ?

ಓದಿಕೊಂಡ ಗೆಳೆಯರು ಬಾಂಗ್ಲಾದೇಶ, ಕೀನ್ಯಾ, ಜಿಂಬಾಬ್ವೆಯ ದೊಡ್ಡ ಅಧ್ಯಯನಗಳನ್ನು ತೋರಿಸಬಹುದು. ಶೌಚಾಲಯ, ಕೈತೊಳೆಯುವ ವ್ಯವಸ್ಥೆ ಕೊಟ್ಟರೂ ಮಕ್ಕಳ ಎತ್ತರ ಹೆಚ್ಚಲಿಲ್ಲ ಅಂತ. ನಿಜ. ಆದರೆ ಅಲ್ಲಿ ಕೊಟ್ಟದ್ದು ಕೆಲವು ಮನೆಗಳಿಗೆ ಗುಂಡಿ ಶೌಚಾಲಯ, ಕೈತೊಳೆಯೋಕೆ ಸರಳ ವ್ಯವಸ್ಥೆ. ಇಡೀ ಊರಿಗೆ ಶುದ್ಧ ನೀರಿನ ನಲ್ಲಿ ಅಲ್ಲ. ಪಕ್ಕದ ಮನೆಯ ಮಲ ನಿಮ್ಮ ಅಂಗಳಕ್ಕೆ ಬರ್ತಾನೇ ಇದ್ದರೆ ನಿಮ್ಮೊಬ್ಬರ ಗುಂಡಿ ಏನು ಮಾಡುತ್ತೆ? ನೇಪಾಳದ 2006 ಮತ್ತು 2011ರ ಸಮೀಕ್ಷೆಗಳನ್ನು ಹೋಲಿಸಿದವರು ಬೇರೆಯದೇ ಕಂಡರು. ಬಯಲಿಗೆ ಹೋಗೋದು ಎಲ್ಲಿ ಜಾಸ್ತಿ ಕಮ್ಮಿಯಾಯಿತೋ ಅಲ್ಲಿನ ಮಕ್ಕಳ ಹಿಮೋಗ್ಲೋಬಿನ್ ಜಾಸ್ತಿ ಏರಿತ್ತು.

ಊಟ ಮುಖ್ಯ ಅಲ್ಲ ಅಂತ ನಾನು ಹೇಳ್ತಿಲ್ಲ. ಮೊಟ್ಟೆ, ಮಾಂಸ, ಬೇಳೆ ಎಲ್ಲಾ ಬೇಕು. ಊಟವಾದ ಕೂಡಲೇ ಚಹಾ ಬೇಡ ಅಂತ ಕ್ಲಾಸಿನಲ್ಲಿ ಹೇಳ್ತೀನಿ. ಆದರೆ ತಪ್ಪೆಲ್ಲಾ ಆ ಮಗುವಿನ ತಟ್ಟೆಯಲ್ಲೇ ಹುಡುಕೋದು ಅನ್ಯಾಯ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನೋಡಿ. 2015-16ರಲ್ಲಿ ಕರ್ನಾಟಕದ 15ರಿಂದ 49 ವಯಸ್ಸಿನ ಹೆಣ್ಣುಮಕ್ಕಳಲ್ಲಿ ನೂರಕ್ಕೆ ಸುಮಾರು 45 ಜನರಿಗೆ ರಕ್ತಹೀನತೆ ಇತ್ತು. 2019-21ಕ್ಕೆ ಸುಮಾರು 48 ಆಯ್ತು. ಅದೇ ವರ್ಷಗಳಲ್ಲಿ ಮಾತ್ರೆ ಹಂಚಿದೆವು, ಶೌಚಾಲಯದ ಗೋಡೆ ಕಟ್ಟಿದೆವು. 2022ರಲ್ಲಿ ನಮ್ಮ ರಾಯಚೂರು ನಗರದಲ್ಲೇ ಕಲುಷಿತ ನೀರು ಕುಡಿದು ಜನ ಸತ್ತರು. ಜಿಲ್ಲಾ ಕೇಂದ್ರದ ಪಾಡೇ ಹೀಗಾದರೆ ಕಾಲುವೆ ಕೊನೆಯ ಊರನ್ನು ಯಾರು ಕೇಳ್ತಾರೆ?

ಪಂಚಾಯ್ತಿಯಲ್ಲಿರೋ ಗೆಳೆಯರಿಗೆ ಒಂದು ಮಾತು. ದುಡ್ಡಿಲ್ಲ ಅನ್ನಬೇಡಿ. ಪಂಚಾಯ್ತಿಗಳ ಅನುದಾನದಲ್ಲಿ ನೂರಕ್ಕೆ 60 ಭಾಗ ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಅಂತ 15ನೇ ಹಣಕಾಸು ಆಯೋಗ ಕಟ್ಟುನಿಟ್ಟಾಗಿ ಹೇಳಿತ್ತು. ನಿಮ್ಮೂರಲ್ಲಿ ಅದು ಎಲ್ಲಿ ಖರ್ಚಾಯ್ತು ಅಂತ ತೆಗೆದು ತೋರಿಸಿ. ಮುಂದಿನ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ನಾನು ಕೇಳೋದು ಎರಡೇ. ಹುಡುಗಿಯರ ಶೌಚಾಲಯಕ್ಕೆ ದಿನವಿಡೀ ನೀರು ಬರಬೇಕು, ಕುಡಿಯೋ ನೀರಿನ ಟ್ಯಾಂಕ್ ತಿಂಗಳಿಗೊಮ್ಮೆ ತೊಳೆದು ತಾರೀಕು ಬರೆಯಬೇಕು. ನಮ್ಮ ಶಾಲೆಯ ಪಾಲಕರು ಯಾರಾದರೂ ಇದನ್ನು ಓದ್ತಿದ್ದರೆ ಆ ದಿನ ಖಂಡಿತ ಬನ್ನಿ. ನಾನೊಬ್ಬಳೇ ಕೇಳಿದರೆ "ನೋಡೋಣ ಟೀಚರ್" ಅಂದುಬಿಡುತ್ತಾರೆ.